ಇರುವೆಗೂಡಿಗೆ ಬಿದ್ದ ಕುಂಕುಮ

ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ ಎರಡು ಚಾಪೆ ಹಾಸುವಷ್ಟು ಹುಲ್ಲಿದೆ. ಕ್ಯಾನ್ಸರಿಗೆ ಕೀಮೋ ಮುಗಿಸಿಕೊಂಡು ಅಕ್ಕ ನಮ್ಮಲ್ಲಿಗೆ ಬಂದ ವರ್ಷ, ಬೆಳಗಿನ ಕಾಫಿ ಆ ಹುಲ್ಲಿನ ಅಂಚಿನಲ್ಲೇ ಆಗುತ್ತಿತ್ತು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎಂದು ನೆಂಟರೆಲ್ಲ ಅಂದರು. ಆದರೆ ಔಷಧಿ ಅವಳ ಪಾದಗಳ ಸ್ಪರ್ಶವನ್ನೇ ಕಿತ್ತುಕೊಂಡಿತ್ತು. ನೆಲ ಎಲ್ಲಿದೆಯೆಂದು ಕಣ್ಣಲ್ಲಿ ನೋಡಿಯೇ ಹೆಜ್ಜೆ ಇಡಬೇಕಿತ್ತು. ಸ್ಪರ್ಶ ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಅಷ್ಟು ನನಗೂ ಗೊತ್ತಿತ್ತು.

ಅವಳು ಎಡವಿ ಬೀಳಬಾರದೆಂದು ನಾನು ದಿನಾ ಹುಲ್ಲನ್ನು ಬಗ್ಗಿ ಬಗ್ಗಿ ಪರೀಕ್ಷಿಸುತ್ತಿದ್ದೆ. ರಾತ್ರಿ ಯಾರು ಬಂದುಹೋದರು ಎಂಬುದನ್ನು ಮಣ್ಣೇ ಹೇಳುತ್ತದೆ. ಶಾವಿಗೆ ಒತ್ತಿ ಬಿಟ್ಟಂತೆ ಸುರುಳಿ ಸುರುಳಿ ಮಣ್ಣು ಬಿದ್ದಿದ್ದರೆ ಎರೆಹುಳು, ಪಾಪ, ಇರಲಿ. ಕಾಂಪೌಂಡಿನ ಪಕ್ಕ ಬೊಗಸೆಗಟ್ಟಲೆ ಮಣ್ಣು ಎಸೆದು ಮುಷ್ಟಿ ತೂರುವಂಥ ಬಿಲ ತೋಡಿದ್ದರೆ ಹೆಗ್ಗಣ. ಅದಕ್ಕೆ ಕಲ್ಲು ತುರುಕಿ ಶಾಪ ಹಾಕುತ್ತಿದ್ದೆ. ಬಸವನಹುಳು ಹೋದ ದಾರಿ ಮಾತ್ರ ಬೆಳ್ಳಗೆ ಮಿರುಗುತ್ತ, ಹೊರಟದ್ದೆಲ್ಲಿಗೆಂದು ಮರೆತಂತೆ ಸುತ್ತಾಡಿ, ದಾಸವಾಳದ ಬುಡದಲ್ಲಿ ಮುಗಿಯುತ್ತಿತ್ತು. ಎಳೆಬಿಸಿಲಿಗೆ ಅದು ಮಾಯವಾಗುವವರೆಗೂ ನಾವಿಬ್ಬರೂ ನೋಡುತ್ತ ಕೂತಿರುತ್ತಿದ್ದೆವು. ರಸ್ತೆಯ ಸದ್ದು ಆ ಹೊತ್ತಿನಲ್ಲಿ ಬೇರೆ ಯಾವುದೋ ಊರಿನದು ಅನಿಸುತ್ತಿತ್ತು.

"ನೀನು ಪೊಲೀಸ್‌ಗೆ ಸೇರ್ಬೇಕಿತ್ತು ಕಣೆ," ಅನ್ನುತ್ತಿದ್ದಳು ಅಕ್ಕ.

ಒಂದು ದಿನ ಗೇಟಿನ ಬಳಿ ರವೆಯಂಥ ಮಣ್ಣಿನ ಗುಡ್ಡೆ ಎದ್ದಿತ್ತು. ಕೆಂಪಿರುವೆ. ನನಗೆ ಸಿಟ್ಟು ನೆತ್ತಿಗೇರಿತು. ಕಚ್ಚಿದರೂ ತಿಳಿಯದ ಕಾಲಿಗೆ ಅವು ಮುತ್ತಿದರೆ ಗತಿಯೇನು? ಇರುವೆ ಪುಡಿ ತರುವವರೆಗೆ ಇರಲೆಂದು ಅಡುಗೆಮನೆಯ ಅರಿಶಿನವನ್ನೇ ಅದರ ಮೇಲೆ ಸುರಿದೆ. ಮರುದಿನ ನೋಡಿದರೆ ಅರಿಶಿನದ ಮೇಲೆ ಕುಂಕುಮ, ಒಂದು ಕಣಗಿಲೆ ಹೂವು. ಎದುರುಮನೆಯ ಅಜ್ಜಿ ಅದನ್ನು ಹುತ್ತವೆಂದುಕೊಂಡು, ಗೇಟಿನ ಸಂದಿಯಲ್ಲಿ ಕೈ ತೂರಿಸಿ ಪೂಜೆ ಮಾಡಿ ಹೋಗಿದ್ದರು.

"ಅಜ್ಜಿ, ಅದು ಬರೀ ಇರುವೆಗೂಡು," ಅಂದೆ.

"ಇರ್ಲಿ ಬಿಡಮ್ಮ. ನಿಮ್ಮಕ್ಕನ ಕಾಲಿಗೆ ಅಂತ ಬೇಡ್ಕೊಂಡಾಯ್ತು. ಈಗ ಕೆಡವ್ಬೇಡ."

ದೇವರ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಆದರೂ ನಮಗಾಗಿ ಬೇಡಿಕೊಂಡವರ ಕುಂಕುಮದ ಮೇಲೆ ಪುಡಿ ಉದುರಿಸಲು ಕೈ ಬರಲಿಲ್ಲ. ಗೂಡನ್ನು ಹಾಗೆಯೇ ಬಿಟ್ಟೆ. ಇರುವೆಗಳಿಗೆ ಆ ಭಕ್ತಿಯೂ ಇರಲಿಲ್ಲ. ಹಳದಿ ಕೆಂಪು ಕಣಗಳನ್ನು ಒಂದೊಂದಾಗಿ ಹೊರಗೆ ಸಾಗಿಸಿ, ಹುಲ್ಲಿನ ನಡುವೆ ತೆಳ್ಳನೆಯ ಬಣ್ಣದ ಗೆರೆ ಎಳೆದವು. ಅಕ್ಕ ಅದನ್ನು ನೋಡುತ್ತ ಕಾಫಿ ಆರಿಸಿಕೊಳ್ಳುತ್ತಿದ್ದಳು.

ಮಳೆ ಹೊಯ್ದು ನಿಂತ ಒಂದು ಬೆಳಗ್ಗೆ ನಾನು ಲೋಟಗಳನ್ನು ಹಿಡಿದು ಹೊರಗೆ ಬಂದಾಗ ಅವಳು ಗೇಟಿನ ಹತ್ತಿರ ನಿಂತಿದ್ದಳು. ಒಂದು ಚಪ್ಪಲಿ ಹಿಂದೆಲ್ಲೋ ಕಳಚಿ ಬಿದ್ದಿತ್ತು. ಬರಿಗಾಲು ಆ ಗೂಡಿನ ಮೇಲೇ ಇತ್ತು, ಹಿಮ್ಮಡಿಯಿಂದ ಬೆರಳವರೆಗೆ ಇರುವೆ. ಲೋಟ ಕೆಳಗಿಟ್ಟು ಓಡಿದೆ. ಬಗ್ಗಿ ಒರೆಸಲು ಹೋದರೆ ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

"ತಡಿ ಕಣೆ," ಅಂದಳು. "ಉರೀತಿದೆ."