ಹಳೆಯ ಮಾಲೀಕನ ಹೆಸರಿನ ಬಿಲ್ಲು

ಚಿಕ್ಕಮ್ಮ ಡೊಂಬಿವಲಿಯಿಂದ ಫೋನು ಮಾಡಿದಾಗ ನಾನು ವಾಶಿಯ ಆಫೀಸಿನಲ್ಲಿದ್ದೆ. "ಮಗಾ, ಮನೆಗೆ ಬೀಗ ಹಾಕ್ತಾರಂತೆ. ಬಾಗಿಲಿಗೆ ನೋಟೀಸು ಅಂಟಿಸಿ ಹೋಗಿದ್ದಾರೆ," ಎಂದಳು.

ಆಫೀಸಿಗೆ ಹೋಗುವವರ ಡಬ್ಬಿಗೆ ವರ್ಷಗಟ್ಟಲೆ ಚಪಾತಿ ಲಟ್ಟಿಸಿ ಕೊಂಡ ಮನೆ ಅದು. ಒಂದು ಕೋಣೆ, ಒಂದು ಅಡುಗೆಮನೆ. ಅವಳಿಗೆ ಬೇರೆ ಆಸ್ತಿಯಿಲ್ಲ, ಮಕ್ಕಳೂ ಇಲ್ಲ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ.

ನಾನು ಹೋಗುವಷ್ಟರಲ್ಲಿ ಅಕ್ಕಪಕ್ಕದವರಿಗೆ ಕಾಣದಿರಲೆಂದು ನೋಟೀಸಿನ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಳು. ಎತ್ತಿ ನೋಡಿದೆ. ಒಂಬತ್ತು ವರ್ಷದ ಆಸ್ತಿ ತೆರಿಗೆ ಬಾಕಿ.

"ಎಂತದಾ ಇದು? ಐದನೇ ತಾರೀಕಿನ ಒಳಗೆ ಮೆಂಟೆನೆನ್ಸ್ ಕಟ್ಟದ ತಿಂಗಳಿಲ್ಲ. ಬೇಕಾದ್ರೆ ಸೊಸೈಟಿಯ ಸೆಕ್ರೆಟರಿಯನ್ನೇ ಕೇಳು," ಎಂದಳು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೆಂಟೆನೆನ್ಸ್ ಬೇರೆ, ಟ್ಯಾಕ್ಸ್ ಬೇರೆ ಎಂದು ದನಿ ಏರಿಸಿದೆ. ಲಿಫ್ಟು, ವಾಚ್‌ಮನ್, ಮೆಟ್ಟಿಲ ದೀಪಕ್ಕೆಂದು ಕಟ್ಟಡದವರೇ ಮೀಟಿಂಗಿನಲ್ಲಿ ಕೈಯೆತ್ತಿ ಗೊತ್ತುಮಾಡಿಕೊಳ್ಳುವುದು ಒಂದು. ಗೇಟಿನಾಚೆಯ ರಸ್ತೆ, ಚರಂಡಿ, ಗಿಡಮರಕ್ಕೆಂದು ಪಾಲಿಕೆ ಕಾನೂನಿನಂತೆ ಮನೆಯ ಮೇಲೆ ಹಾಕುವುದು ಇನ್ನೊಂದು. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. "ಬಿಲ್ಲೇ ಬರಲಿಲ್ವಾ ನಿಂಗೆ?"

"ನನ್ನ ಹೆಸರಿಗೆ ಬರಲಿಲ್ಲ."

ಕಪಾಟಿನಿಂದ ಒಂದು ಕಟ್ಟು ತೆಗೆದಳು. ಮಡಚಿ ಪಿನ್ನು ಹೊಡೆದ ಬಿಲ್ಲುಗಳು. ಎಲ್ಲವೂ ಮನೆ ಮಾರಿಹೋದ ಹಳೆಯ ಮಾಲೀಕನ ಹೆಸರಿನವು. ಒಂದರ ಪಿನ್ನನ್ನೂ ಅವಳು ತೆಗೆದಿರಲಿಲ್ಲ.

"ಅವರು ಬಂದ್ರೆ ಕೊಡುವ ಅಂತ ಇಟ್ಟೆ. ಇನ್ನೊಬ್ಬರ ಕಾಗದ ಒಡೀಲಿಕ್ಕೆ ಉಂಟಾ?"

ಕಟ್ಟಡದವರ ಸೊಸೈಟಿ ಕೊಡುವ ಷೇರು ಪತ್ರದಲ್ಲಿ ತನ್ನ ಹೆಸರು ಬಂದ ಮೇಲೆ ಎಲ್ಲ ಕಡೆಯೂ ಬಂದಂತೆಯೇ ಎಂದು ಅವಳು ತಿಳಿದಿದ್ದಳು. "ಹಾಗಾದ್ರೆ ಇಷ್ಟು ವರ್ಷ ನಾನು ರಸ್ತೆಯಲ್ಲಿ ಪುಕ್ಕಟೆ ನಡೆದದ್ದಾ?" ಎಂದಳು. ಅವಳ ಮುಖ ಸಣ್ಣದಾಗಿತ್ತು.

ಆಗಲೇ ನನಗೆ ಇನ್ನೊಂದು ಹೊಳೆದದ್ದು. ಮನೆ ಅವಳ ಹೆಸರಿಗೆ ರಿಜಿಸ್ಟ್ರೇಷನ್ ಆದ ದಿನ, "ಪಾಲಿಕೆಯಲ್ಲಿ ಹೆಸರು ಬದಲಿಸುವುದನ್ನು ನಂಗೆ ಬಿಡು," ಎಂದವನು ನಾನೇ. ಹೊಸ ಕೆಲಸ, ಹೊಸ ಮದುವೆ, ಮರೆತೇಬಿಟ್ಟಿದ್ದೆ. ಅದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಮರುದಿನ ಇಬ್ಬರೂ ವಾರ್ಡ್ ಆಫೀಸಿಗೆ ಹೋದೆವು. ಬಾಕಿ ಕಟ್ಟಿದರೆ ಬೀಗದ ಮಾತಿಲ್ಲ ಎಂದರು, ಕಟ್ಟಿದೆವು. ಹೆಸರು ಬದಲಿಸುವ ಅರ್ಜಿ ಕೊಟ್ಟಾಗ ಕೌಂಟರಿನ ಹೆಂಗಸು, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಮರಾಠಿಯಲ್ಲಿ ಜೋರು ಮಾಡಿದಳು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ತನ್ನ ಹರಕುಮುರುಕು ಮರಾಠಿಯಲ್ಲಿ, ತನಗೇ ಮರೆತುಹೋಯಿತು, ವಯಸ್ಸಾಯಿತು ಎಂದಳು. ಆ ಹೆಂಗಸು ಸಾಲಿನವರಿಗೆಲ್ಲ ಕೇಳುವಂತೆ ಬೈದಳು. ಚಿಕ್ಕಮ್ಮ ತಲೆ ತಗ್ಗಿಸಿ ಬೈಸಿಕೊಂಡಳು.

"ಇವಳಲ್ಲ ಮ್ಯಾಡಮ್, ಮರೆತದ್ದು ನಾನು," ಎಂದೆ.

ಚಿಕ್ಕಮ್ಮ ನನ್ನ ಕೈ ಹಿಡಿದು ಹಿಂದಕ್ಕೆಳೆದಳು. "ಸುಮ್ಮನಿರು ಮಗಾ. ಇಷ್ಟು ಜನರ ಎದುರು ನೀನು ಯಾಕೆ ಬೈಸಿಕೊಳ್ಳುವುದು? ನಿನ್ನೆ ನೀನು ನಂಗೆ ಬೈಯುವಾಗಲೇ, 'ನಂಗೆ ಬಿಡು' ಅಂತ ಅವತ್ತು ನೀನು ಹೇಳಿದ್ದು ನೆನಪಾಗಿತ್ತು."