ದೊಡ್ಡಮ್ಮ ಬಣ್ಣಕ್ಕೆ ಕೈಹಾಕಿದ್ದು

ನಮ್ಮ ದೊಡ್ಡಮ್ಮ ಮೂವತ್ತೆಂಟು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು, ನಿವೃತ್ತಿಯಾದ ಮೇಲೆ ಚಿತ್ರ ಬರೆಯಲು ಆಲ್ಕೋಹಾಲ್ ಮಾರ್ಕರ್ ಎಂಬ ಬಣ್ಣದ ಪೆನ್ನು ಹಿಡಿದಳು. ಮುಚ್ಚಳ ತೆಗೆದರೆ ಮನೆಯೆಲ್ಲ ಆಸ್ಪತ್ರೆಯ ಸ್ಪಿರಿಟ್ ವಾಸನೆ. ಅವಳಿಗೂ ಹಳೇ ಚಾಳಿ, ಕಾಗದಕ್ಕೆ ತುದಿ ತಾಗಿಸುವಾಗ "ಚೂರು ಚುರುಕ್ ಅನ್ನತ್ತೆ, ಅಷ್ಟೇ" ಎಂದು ಸಮಾಧಾನ ಹೇಳುತ್ತಾಳೆ. ಮೊದಲ ದಿನ ತೆಳು ನೋಟ್‌ಬುಕ್ಕಿನಲ್ಲಿ ಬಳಿದ ಕೆಂಪು ನಾಲ್ಕು ಹಾಳೆ ದಾಟಿ ಮೇಜಿನ ಬಟ್ಟೆಗೂ ಇಳಿಯಿತು. ಅವಳು ಎದೆಗುಂದಲಿಲ್ಲ, ದಪ್ಪನೆಯ ನುಣುಪು ಕಾಗದ ತಂದು, ಅಡಿಗೊಂದು ರಟ್ಟು ಹಾಸಿ ಕೂತಳು. ದೊಡ್ಡಪ್ಪ ಒಂದು ಮಾರ್ಕರ್ ಮುಟ್ಟಿನೋಡಿ ಮುಚ್ಚಳ ಹಾಕದೆ ಇಟ್ಟರೆ ಮುಗಿಯಿತು: "ರೀ, ಅದರ ಜೀವ ಆರಿಹೋಗ್ತಿದೆ, ಮುಚ್ಚಿ!" ಕಲಿಯಲು ಕೂತ ನನಗೂ ಒಂದೇ ಮಂತ್ರ: "ತಿಳಿ ಬಣ್ಣ ಮೊದಲು, ಗಾಢ ಆಮೇಲೆ. ಹಸಿ ಇರೋವಾಗ್ಲೇ ಇನ್ನೊಂದನ್ನ ಸೇರಿಸು, ಗೆರೆ ಉಳಿಯಲ್ಲ." ನಿನ್ನೆ ಅವಳು ಒಂದು ಹಸುಗೂಸನ್ನು ಬರೆದು ಮೈಗೆಲ್ಲ ತಿಳಿನೀಲಿ ಬಳಿದಳು. ನಾನು ಬೆಚ್ಚಿದೆ. "ಎಲ್ಲರೂ ಹೀಗೇ ಹುಟ್ಟೋದು ಕಣೋ, ಉಸಿರು ಎಳ್ಕೊಂಡ ಮೇಲೇ ಬಣ್ಣ" ಎಂದವಳೇ ಹಸಿ ನೀಲಿಯ ಎದೆಗೆ ಗುಲಾಬಿ ಮುಟ್ಟಿಸಿದಳು. ನೀಲಿ ಸರಿದು ಜಾಗ ಬಿಟ್ಟಿತು. ಅವಳ ಕೈ ಹೋದಂತೆಲ್ಲ ಗುಲಾಬಿ ಹೊಟ್ಟೆಗೆ, ತೋಳಿಗೆ, ಕೊನೆಗೆ ಒಂದೊಂದೇ ಬೆರಳಿಗೆ ಇಳಿಯಿತು, ಎಲ್ಲಿಯೂ ಗೆರೆಯಿಲ್ಲ. ನಾನು ಉಸಿರು ಬಿಗಿಹಿಡಿದಿದ್ದೆ. "ಸಾವಿರಾರು ಸಲ ಕಂಡಿದ್ದೀನಿ. ಹೇಗಿರತ್ತೆ ಅಂತ ಯಾರಿಗೂ ಹೇಳೋಕೆ ಬರ್ತಿರ್ಲಿಲ್ಲ" ಎಂದಳು. ಆಮೇಲೆ, ಕಾಗದದಿಂದ ಕಣ್ಣು ತೆಗೆಯದೆ: "ನಿಂಗೆ ಮಾತ್ರ ಈ ಬಣ್ಣ ಬರೋಕೆ ಪೂರ್ತಿ ಮೂರು ನಿಮಿಷ ಹಿಡೀತು. ನಿನ್ನಮ್ಮನಿಗೆ ಇವತ್ತಿಗೂ ಹೇಳಿಲ್ಲ."