ಮಾವಶಿ ಕಲಿಸಿದ ಪ್ರಶ್ನೆ

ಮಾವಶಿಯ ಬಲಗೈ ತೋರುಬೆರಳಿನ ತುದಿ ಸದಾ ಕಪ್ಪಗಿರುತ್ತಿತ್ತು. ಮತ ಹಾಕಿ ಬಂದವರ ಶಾಯಿಯಂತೆ, ಆದರೆ ತಪ್ಪು ಕೈಗೆ. ದಿನಕ್ಕೆ ಹತ್ತು ಸಲ ಫಿನಾಯಿಲ್ ನೀರಿನಲ್ಲಿ ಅದ್ದಿದರೂ ಆ ಬೆರಳು ಬೆಳ್ಳಗಾಗುತ್ತಿರಲಿಲ್ಲ. ಒಂದು ವರ್ಷ ಅವರ ಎದುರು ಕೂತು ಬುತ್ತಿ ಹಂಚಿಕೊಂಡು ಉಂಡ ನಾನು, ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಜನರ ಚಟ ಕೇಳಿ ಬರೆದುಕೊಳ್ಳುವುದೇ ನನ್ನ ನೌಕರಿಯಾಗಿತ್ತು, ಅದು ಬೇರೆ ಮಾತು.

ಮಿರಜಿನ ಒಂದು ಆಸ್ಪತ್ರೆಯಲ್ಲಿ ಬೀಡಿ, ಸಿಗರೇಟು ಬಿಡಿಸುವ ಕುರಿತು ಸಂಶೋಧನೆ ನಡೆದಿತ್ತು. ಮಾಧವನಗರದಿಂದ ಎರಡು ಆಟೊ ಬದಲಿಸಿ ಬಂದು, ರೋಗಿಗಳ ಮುಂದೆ ಫಾರ್ಮ್ ಹಿಡಿದು ಕೂರುತ್ತಿದ್ದೆ. ಗಡಿ ದಾಟಿ ಬರುತ್ತಿದ್ದ ಅಥಣಿ, ಜಮಖಂಡಿ ಕಡೆಯವರಿಗೆ ಮರಾಠಿ ಬಾರದು. ನನ್ನ ಕನ್ನಡವೋ, ಮನೆಯಲ್ಲಿ ಅಜ್ಜಿ ಬೈದರೆ ತಿಳಿಯುವಷ್ಟು. ಅಲ್ಲಿ ನೆಲ ಒರೆಸುತ್ತಿದ್ದ, ಆಸ್ಪತ್ರೆಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹೆಂಗಸೇ ನನ್ನ ದುಭಾಷಿಯಾದರು.

ಮೊದಲ ವಾರವೇ ಒಬ್ಬ ಮುದುಕರಿಗೆ, ಫಾರ್ಮಿನಲ್ಲಿದ್ದಂತೆಯೇ, ಧೂಮಪಾನ ಮಾಡುತ್ತೀರಾ ಎಂದು ಓದಿದೆ. ಪಕ್ಕದಲ್ಲಿ ಮಗ ನಿಂತಿದ್ದ. ಇಲ್ಲ ಅಂದರು. ನಾನೂ ಇಲ್ಲ ಎಂದು ಗುರುತು ಹಾಕಿದೆ. ಮಾವಶಿ ಒರೆಸುವ ಬಟ್ಟೆ ಬದಿಗಿಟ್ಟರು, ಮಗನನ್ನು ಚಹಾ ತರಲು ಕಳಿಸಿದರು, ಮುದುಕರ ಹತ್ತಿರ ಕುಕ್ಕರಗಾಲಲ್ಲಿ ಕೂತರು.

"ಕಾಕಾರ, ಮುಂಜಾನೆ ಎದ್ದಕೂಡ್ಲೆ ಮೊದಲ ಕೈ ಎಲ್ಲಿಗೆ ಹೋಗತೈತ್ರಿ?"

ಮುದುಕರ ಕೈ ತಾನಾಗಿಯೇ ಅಂಗಿಯ ಕಿಸೆಗೆ ಹೋಯಿತು. ಬೀಡಿ ಕಟ್ಟು ಹೊರಬಂತು, ಅವರಿಗೇ ನಗು ಬಂತು. ಅಂದಿನಿಂದ ನಾನು ಮಾವಶಿಯ ಪ್ರಶ್ನೆಯನ್ನೇ ಕೇಳತೊಡಗಿದೆ.

ಅವರು ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ನಾನೊಮ್ಮೆ ಉಪದೇಶ ಶುರು ಮಾಡಿದಾಗ ಬದಿಗೆ ಕರೆದರು. "ಬೈಸ್ಕೊಳ್ಳಾಕ ಮಿರಜಿಗೆ ಯಾಕ ಬರಬೇಕವ್ವಾ, ಬೈಯಾಕ ಮನ್ಯಾಗ ಮಂದಿ ಇರತಾರ." ಬೀಡಿ ಬಿಟ್ಟವರು ಮರಳಿ ಬಂದಾಗ ಮೊದಲು ಸುದ್ದಿ ಹೇಳುತ್ತಿದ್ದುದು ಮಾವಶಿಗೆ, ಆಮೇಲೆ ಡಾಕ್ಟರಿಗೆ.

ಒಂದು ದಿನ ಹೊಸ ಫಾರ್ಮ್ ಬಂತು. ರೋಗಿಗಳಿಗಿಂತ ಮೊದಲು ಬೇರೆ ಯಾರ ಮೇಲಾದರೂ ಪ್ರಯೋಗಿಸಿ ನೋಡಬೇಕಿತ್ತು. ಊಟದ ಹೊತ್ತಿನಲ್ಲಿ ಚೇಷ್ಟೆಗೆಂದು ಮಾವಶಿಗೇ ಅವರದೇ ಪ್ರಶ್ನೆ ಕೇಳಿದೆ. ಅವರ ಕೈ ಸೊಂಟಕ್ಕೆ ಹೋಯಿತು. ಅಲ್ಲಿ ಸಿಕ್ಕಿಸಿಕೊಂಡಿದ್ದ ಸಣ್ಣ ಡಬ್ಬಿಯೊಳಗೆ ಮಿಶ್ರಿ ಇತ್ತು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಮನೆಯಲ್ಲೇ ಮಾಡಿದ ಪುಡಿ.

"ಇದು ಹಲ್ಲಿಗೆ, ತಂಗಿ," ಅಂದರು. ಆಮೇಲೆ ತಮ್ಮ ಕಪ್ಪು ಬೆರಳನ್ನು ತಾವೇ ನೋಡಿಕೊಂಡರು. ಮದುವೆಯಾದಾಗಿನಿಂದ ದಿನಕ್ಕೆ ನಾಲ್ಕೈದು ಸಲ ಅದೇ ಬೆರಳಿನಿಂದ ಹಲ್ಲು ತಿಕ್ಕಿದ್ದರು. ತಮ್ಮದನ್ನೂ ಬರೆದುಕೋ ಎಂದು ಮೆಲ್ಲಗೆ ಹೇಳಿದರು.

ಎಲ್ಲಿ ಬರೆಯಲಿ? ಪಾಕೀಟಿನ ಮೇಲಿನ ಎಚ್ಚರಿಕೆಯ ಚಿತ್ರ ನೋಡಿದಿರಾ, ನೋಡಿ ಬಿಡಬೇಕೆನಿಸಿತೇ ಎಂದೆಲ್ಲ ಫಾರ್ಮ್ ಕೇಳುತ್ತಿತ್ತು. ಮಾವಶಿಯದು ಹಳೆಯ ಪೌಡರ್ ಡಬ್ಬಿ, ಅದರ ಮೇಲೆ ಗುಲಾಬಿ ಹೂವಿತ್ತು. ನಮ್ಮ ಮೇಲಿನ ಸರ್‌ಗೆ ಕೇಳಿದೆ. ನಮ್ಮದು ಹೊಗೆಯ ಅಧ್ಯಯನ, ಮೇಲಾಗಿ ಆಕೆ ರೋಗಿಯಲ್ಲ ಎಂದರು. ನಿಯಮದ ಪ್ರಕಾರ ಸರಿಯೇ. ನಾನು ಪೆನ್ನು ಮುಚ್ಚಿದೆ. ಚಟ ಬಿಡುವುದು ಹೇಗೆಂದು ದಿನವಿಡೀ ಹೇಳುತ್ತಿದ್ದವಳು ಆ ಒಬ್ಬರಿಗೆ ಮಾತ್ರ ಹೇಳಲಿಲ್ಲ. ನಮ್ಮ ಅಜ್ಜಿಯೂ ತಿಕ್ಕುತ್ತಿದ್ದಳಲ್ಲ ಎಂದುಕೊಂಡು ಮರೆತೆ. ಈ ತಪ್ಪು ನನ್ನದೇ.

ಮುಂದಿನ ವರ್ಷ ಮಾವಶಿ ನನ್ನ ಬುತ್ತಿಯ ಖಾರ ಚಟ್ನಿಯನ್ನು ಮುಟ್ಟದಾದರು. ಬಾಯಿ ಉರಿ ಅಂದರು. ಒಂದು ಬೆಳಿಗ್ಗೆ ನೋಡಿದರೆ, ಕೇಸ್ ಪೇಪರ್ ಹಿಡಿದು ನನ್ನ ಮೇಜಿನ ಮುಂದಿನ ಸಾಲಿನಲ್ಲಿ ನಿಂತಿದ್ದಾರೆ. ಸರದಿ ಬಂದಾಗ ಎದುರು ಕೂತರು.

"ಈಗ ಪೇಷಂಟ್ ಆಗೇನಿ, ತಂಗಿ. ಈಗರ ಬರ್ಕೋತಿಯೇನ?"

ಅದರಲ್ಲಿ ಚುಚ್ಚುಮಾತಿರಲಿಲ್ಲ, ನಿಜವಾಗಿಯೇ ಕೇಳಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಅವರೇ ನನ್ನನ್ನು ಚಹಾ ತರಲು ಕಳಿಸಿದರು.

ಮಿಶ್ರಿಯನ್ನು ಅಂದೇ ಬಿಟ್ಟರು. ಬಾಯಿಯ ಕ್ಯಾನ್ಸರಿಗೆ ಆಪರೇಷನ್ ಆದಮೇಲೆ ಮಾತು ಹೋಯಿತು. ನೋಡಲು ಹೋದಾಗಲೆಲ್ಲ ತೋರುಬೆರಳನ್ನು ಎತ್ತಿ ತೋರಿಸುತ್ತಿದ್ದರು. ಅದು ದಿನದಿನಕ್ಕೆ ಬೆಳ್ಳಗಾಗುತ್ತಿತ್ತು. ಪೂರ್ತಿ ಬೆಳ್ಳಗಾದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಈಗ ನಮ್ಮ ಫಾರ್ಮಿನ ಮೊದಲ ಪುಟದಲ್ಲಿ ಮಿಶ್ರಿಗೂ ಒಂದು ಸಾಲಿದೆ, ಸರ್ ಅವರೇ ಸೇರಿಸಿದರು. ನನ್ನ ಕನ್ನಡವೂ ಸುಧಾರಿಸಿದೆ. ಹೆಂಗಸರು ಎದುರು ಕೂತರೆ ಮೊದಲು ಗಂಡಂದಿರನ್ನು ಚಹಾಕ್ಕೆ ಕಳಿಸುತ್ತೇನೆ. ಆಮೇಲೆ ಮಾವಶಿಯ ಮಾತಿನಲ್ಲೇ ಮಾವಶಿಯ ಪ್ರಶ್ನೆ ಕೇಳುತ್ತೇನೆ. ಕೈ ಸೊಂಟಕ್ಕೆ ಹೋದರೆ, ಆಕೆ ರೋಗಿಯೋ ರೋಗಿಯ ಜೊತೆ ಬಂದವಳೋ ಎಂದು ನೋಡುವುದಿಲ್ಲ. ಬರೆದುಕೊಳ್ಳುತ್ತೇನೆ.